ಸೈಮಿಯ ಕಾರಿಗೆ ದಪ್ಪ ಪೈಪು

ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ನಿಜವಾಗಿದ್ದರೆ ತೌನೊ ಹೈಸ್ಕನೆನ್ ಇಡೀ ಕೈನು ಸೀಮೆಗೇ ಸಾಹುಕಾರ. ಫಿನ್ಲೆಂಡಿನ ಈ ಮೂಲೆಯ ಗಂಡಸರಿಗೆ ಬಾಯಿ ಇರುವುದೇ ಕಾಫಿ ಕುಡಿಯಲು. ಅಂಥವರು ಕೂಡ ಇವನನ್ನು ಮೂಗ ಅನ್ನುತ್ತಿದ್ದರೆಂದರೆ ನೀವೇ ಊಹಿಸಿ! ಸರೋವರದ ದಡದಲ್ಲಿ ಅವನ ಒಂಟಿ ಮನೆ, ಮನೆಗೆ ಅಂಟಿಕೊಂಡು ಸೈಲೆನ್ಸರ್ ಕೂಡಿಸುವ ಶೆಡ್ಡು. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ಕಾರುಗಳ ಹೊಟ್ಟೆಯನ್ನು ತಿಂದುಹಾಕುತ್ತಿತ್ತು. ಹಿಮ ಕರಗಿದ ಕೂಡಲೇ ಊರಿಗೆ ಊರೇ ಗುಡುಗುತ್ತ, ಕೆಮ್ಮುತ್ತ ಅವನ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು.

ಬಾಯಿ ಕೊಡದ ದೇವರು ಅವನಿಗೆ ಕಿವಿಯನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದ. ಶೆಡ್ಡಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರೆ ಇದು ಪಾದ್ರಿಯ ಕಾರು, ಇದು ಹಾಲಿನ ಲಾರಿ ಎಂದು ಎಲ್ಲವೂ ಅವನೊಳಗೆ ಹಾದುಹೋಗುತ್ತಿದ್ದವು. ಎಚ್ಚರವೋ ಅರೆನಿದ್ದೆಯೋ ಅವನಿಗೇ ತಿಳಿಯುತ್ತಿರಲಿಲ್ಲ. ಮಂಜು ಮುಸುಕಿದ ಬೆಳಗುಗಳಲ್ಲಿ ಆ ಕಾರುಗಳೆಲ್ಲ ನೀರಿನ ಮೇಲೆಯೇ ತೇಲಿ ಬರುತ್ತಿವೆ ಅನಿಸುತ್ತಿತ್ತು.

ಆ ಸದ್ದುಗಳಲ್ಲಿ ಒಂದಕ್ಕಾಗಿ ಅವನು ಬದುಕಿದ್ದ. ಹನ್ನೊಂದು ಗಂಟೆಗೆ ಆಚೆ ದಡದ ಬರ್ಚ್ ಮರಗಳ ತಿರುವಿನಲ್ಲಿ ಸೈಮಿಯ ಕಾರು ಒಮ್ಮೆ ಗುರ್ ಎಂದು ದನಿ ಏರಿಸುತ್ತಿತ್ತು. ಸೈಮಿ ಟಪಾಲು ಹಂಚುವವಳು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಆ ಸದ್ದು ಕೇಳಿದೊಡನೆ ತೌನೊ ಎದ್ದು ಕಾಫಿ ಇಡುತ್ತಿದ್ದ. ಸರೋವರದ ಕೊಲ್ಲಿಯನ್ನು ಸುತ್ತಿ ಬರಲು ಅವಳಿಗೆ ಏಳು ನಿಮಿಷ, ಕಾಫಿ ಇಳಿಯಲೂ ಏಳೇ ನಿಮಿಷ. ಅವಳು ಪತ್ರಿಕೆ ಕೊಟ್ಟು, ನಿಂತುಕೊಂಡೇ ಒಂದು ಲೋಟ ಕುಡಿದು, ಏಲಕ್ಕಿ ಬನ್ನಿನ ತುಂಡು ಬಾಯಿಗಿಟ್ಟು ಹೊರಡುತ್ತಿದ್ದಳು. ಹದಿನೇಳು ವರ್ಷ ಹೀಗೇ ನಡೆಯಿತು. ಈ ಮಹರಾಯ ಒಂದು ದಿನವೂ ‘ಕೂತ್ಕೊ’ ಅನ್ನಲಿಲ್ಲ.

ಬೇರೆಯವರ ಸೈಲೆನ್ಸರ್ ತೂತುಬಿದ್ದರೆ ಕಿತ್ತೆಸೆದು ಹೊಸದು ಹಾಕುವವನು, ಸೈಮಿಯದಕ್ಕೆ ಮಾತ್ರ ತೇಪೆಯ ಮೇಲೆ ತೇಪೆ ಹಾಕುತ್ತಿದ್ದ. ಹೊಸದು ಹಾಕಿದರೆ ಕಾರು ಮೆತ್ತಗಾಗುತ್ತದೆ, ಅವಳು ಬರುವುದು ತನಗೆ ಕೇಳಿಸದು ಎಂಬ ಹೆದರಿಕೆ. ಆದರೆ ಆ ವಸಂತದಲ್ಲಿ ವಾರ್ಷಿಕ ತಪಾಸಣೆಯವನು ಕಾರಿನಡಿ ಬಗ್ಗಿ ನೋಡಿ ಆಗದು ಎಂದು ತಲೆಯಾಡಿಸಿಬಿಟ್ಟ.

“ಇದ್ರಲ್ಲಿ ಸೈಲೆನ್ಸರ್ ಎಲ್ಲಿದೆ, ಬರೀ ತೇಪೆ ಅಂದ ಕಣಯ್ಯಾ,” ಎಂದು ಸೈಮಿ ಬೀಗದ ಕೈ ಕೊಟ್ಟಳು. “ಪೂರ್ತಿ ಹೊಸದು ಹಾಕು. ಎರಡು ವಾರದಲ್ಲಿ ಮತ್ತೆ ತೋರಿಸ್ಬೇಕು.”

ಅದೇ ಹೊತ್ತಿಗೆ ಪಕ್ಕದ ಜಮೀನಿನ ಪೆಂಟ್ಟಿಯೂ ಅಲ್ಲಿದ್ದ. ತನ್ನ ಕಾರಿಗೆ ದಪ್ಪ ಪೈಪು ಬೇಕೆಂದು ಅವನ ಹಟ.

“ಹಾಸಿಗೆ ಇದ್ದಷ್ಟು ಕಾಲು ಚಾಚು, ಇಂಜಿನ್ ಇದ್ದಷ್ಟು ಪೈಪ್ ಹಾಕು,” ಎಂದ ತೌನೊ. ಆ ವರ್ಷ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. “ಸಣ್ಣ ಇಂಜಿನ್ನಿಗೆ ದೊಡ್ಡ ಪೈಪ್ ಹಾಕಿದ್ರೆ ಹೊಗೆಯ ವೇಗ ಸತ್ತುಹೋಗುತ್ತೆ. ಸದ್ದು ಜೋರು, ಎಳೆಯೋ ಶಕ್ತಿ ಸೊನ್ನೆ.”

“ಆಹಾ, ಮೂಗನಿಗೂ ಬಾಯಿ ಬಂತಪ್ಪ!” ಎಂದು ಪೆಂಟ್ಟಿ ನಕ್ಕು ಹೊರಟುಹೋದ.

ಇನ್ನು ಕೇಳಿ ತೌನೊನ ಬುದ್ಧಿವಂತಿಕೆಯನ್ನು. ಸೈಮಿಯ ಕಾರಿಗೆ ಬೇಕಾದದ್ದು ನಲವತ್ತೈದು ಮಿಲಿಮೀಟರಿನ ಪೈಪು. ಅದು ಗೋಡೆಯ ಮೇಲೆ ಕಣ್ಣೆದುರೇ ತೂಗುತ್ತಿತ್ತು. ತೌನೊ ಅದನ್ನು ಮುಟ್ಟಿದ, ಬಿಟ್ಟ. ಹೊರಗೆ ಸರೋವರದ ಐಸು ಒಡೆದು ಗಾಜಿನ ಚೂರುಗಳಂತೆ ಕಿಣಿಕಿಣಿ ಅನ್ನುತ್ತಿತ್ತು. ಆ ಸದ್ದಿನಲ್ಲಿ ಅವನಿಗೆ ಬರ್ಚ್ ಮರಗಳ ತಿರುವು ಕಂಡಿತು, ಅಲ್ಲಿ ಒಂದು ಕಾರು ದನಿಯೇ ಇಲ್ಲದೆ ನೆರಳಿನ ಹಾಗೆ ಹಾದುಹೋಯಿತು. ಮೂವತ್ತು ವರ್ಷದ ಕಸುಬನ್ನು ಗಾಳಿಗೆ ತೂರಿ, ಐವತ್ತೇಳರ ಪೈಪನ್ನೂ ಅದಕ್ಕೆ ತಕ್ಕ ಸೈಲೆನ್ಸರನ್ನೂ ಕೂಡಿಸಿಬಿಟ್ಟ.

ಮೂರು ದಿನ ಆಚೆ ದಡ ಚೆನ್ನಾಗಿ ಗುಡುಗಿತು. ಕಾಫಿಯೂ ಹೊತ್ತಿಗೆ ಸರಿಯಾಗಿ ಇಳಿಯಿತು. ನಾಲ್ಕನೇ ದಿನ, ಶುಕ್ರವಾರ, ಸೈಮಿ ಕಾಫಿಯ ಲೋಟ ಮುಟ್ಟಲಿಲ್ಲ.

“ಏನು ಮಾಡಿಟ್ಟಿದ್ದೀಯ ಮಾರಾಯ? ಪ್ರತಿ ದಿಣ್ಣೆಗೂ ಮುದಿ ಎತ್ತಿನ ಥರ ನಿಂತುಬಿಡುತ್ತೆ. ಕಿವಿ ಗುಂಯ್ ಅಂತಿದೆ. ಚರ್ಚ್ ಗುಡ್ಡದಲ್ಲಿ ಪೆಂಟ್ಟಿ ಟ್ರ್ಯಾಕ್ಟರ್‌ನಲ್ಲಿ ನನ್ನನ್ನೇ ಹಿಂದೆ ಹಾಕಿ ಟೋಪಿ ಎತ್ತಿದ! ನಿನಗೆ ಪೈಪಿನ ಅಳತೆ ಗೊತ್ತಿಲ್ವಾ?”

“ಗೊತ್ತು.”

“ಮತ್ತೆ?”

ತೌನೊ ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಹಿಂಡಿದ. ಅವನಿಗೆ ನಾಚಿಕೆಯಾಯಿತು. ಇವತ್ತು ಸುಮ್ಮನಿದ್ದರೆ ಅವಳು ಬೇರೆ ಊರಿನ ಶೆಡ್ಡಿಗೆ ಹೋಗುತ್ತಾಳೆ, ಮತ್ತೆ ಈ ಬಾಗಿಲಲ್ಲಿ ನಿಲ್ಲುವುದಿಲ್ಲ ಎಂದು ಭಯವೂ ಆಯಿತು.

“ಕೇಳಿಸಲ್ಲ ಅಂತ,” ಎಂದ.

“ಏನು ಕೇಳಿಸಲ್ಲ?”

“ನೀನು ಬರೋದು. ಆ ತಿರುವಲ್ಲಿ ಕೇಳಿಸಿದ್ರೆ ಕಾಫಿ ಇಡ್ತೀನಿ. ಸರಿಯಾದ ಪೈಪು ಹಾಕಿದ್ರೆ ಕೇಳಿಸಲ್ಲ.”

ಸೈಮಿ ಸರೋವರದ ಆಚೆ ದಡದ ಕಡೆ ತಿರುಗಿದಳು.

“ಆ ತಿರುವಲ್ಲಿ ಏರು ಇದೆಯೇನೋ?” ಎಂದಳು.

“ಇಲ್ಲ. ಸಪಾಟು.”

“ಮತ್ತೆ ಹದಿನೇಳು ವರ್ಷ ನಾನು ಅಲ್ಲಿ ಸುಮ್ಮಸುಮ್ಮನೆ ಗೇರ್ ಇಳಿಸಿ ಗುರ್ ಅನ್ನಿಸ್ತಿದ್ದದ್ದು ಯಾಕೆ ಅಂದ್ಕೊಂಡೆ, ಪೆದ್ದ?”

ತೌನೊ ಗೋಡೆಯ ಮೇಲಿನ ಪೈಪುಗಳತ್ತ ತಿರುಗಿದ.

“ನಲವತ್ತೈದರದ್ದೇ ಹಾಕು,” ಎಂದು ಅವಳು ಪತ್ರಿಕೆಯನ್ನು ಅವನ ಎದೆಗೆ ಒತ್ತಿಕೊಟ್ಟಳು. ಅವನು ಆಗಲೇ ಕೂತು ಪೈಪು ಬದಲಿಸಿದ. ಕಾರು ಹೊರಟಾಗ ಕಲ್ಲುಪುಡಿಯ ಮೇಲೆ ಚಕ್ರ ಉರುಳುವ ಸದ್ದಷ್ಟೇ ಕೇಳಿಸಿತು, ಆಮೇಲೆ ಅದೂ ಇಲ್ಲ.

ಮರುದಿನ ಶನಿವಾರ, ಟಪಾಲಿಗೆ ರಜೆ. ತೌನೊ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ನೀರು, ಬಾತುಕೋಳಿ, ಗಾಳಿ. ಆಚೆ ದಡದಲ್ಲಿ ಏನೂ ಇಲ್ಲ. ಕಣ್ಣು ಬಿಟ್ಟಾಗ ಅಂಗಳದಲ್ಲಿ ಸೈಮಿಯ ಕಾರು ನಿಂತಿತ್ತು. ಕನಸೇ ಇರಬೇಕು ಅಂದುಕೊಂಡ. ಅವಳು ಬರಿಗೈಯಲ್ಲಿ ಇಳಿದು ಬಂದಳು.

“ಇವತ್ತು ಟಪಾಲಿಲ್ಲವಲ್ಲ?” ಎಂದ ತೌನೊ.

“ಇಲ್ಲ.”

“ಕಾಫಿನೂ ಇಟ್ಟಿಲ್ಲ. ಕೇಳಿಸಲೇ ಇಲ್ಲ.”

“ಈಗ ಇಡು,” ಎಂದು ಸೈಮಿ ಅಡುಗೆಮನೆಗೆ ಹೋಗಿ ಕುರ್ಚಿ ಎಳೆದುಕೊಂಡಳು. “ಏಳು ನಿಮಿಷ ತಾನೆ? ಕೂತಿರ್ತೀನಿ.”