ಹೊಟ್ಟೆ ತುಂಬಿದ ಟಗರು

ಗುಡೇಕೋಟೆ ಸುತ್ತಿನ ಟಗರುಗಳಿಗೆ ದೇವರು ಗೊತ್ತೋ ಇಲ್ಲವೋ, ಯರ್ರೆಪ್ಪ ಗೊತ್ತಿದ್ದ. ಅವನು ಹಟ್ಟಿಗೆ ಕಾಲಿಟ್ಟರೆ ಎಳೆಯ ಟಗರುಗಳು ತಾಯಿಯ ಹೊಟ್ಟೆಯಡಿ ತೂರಿಕೊಳ್ಳುತ್ತಿದ್ದವು. ಟಗರಿನ ಬೀಜ ಒಡೆದು ಗಂಡಸುತನ ತೆಗೆಯುವುದರಲ್ಲಿ ಅವನದು ಹಗುರ ಕೈ. ತನ್ನ ಕುರಿ ಮೇಯಿಸಿಕೊಂಡು, ಕರೆದವರ ಹಟ್ಟಿಗೂ ಹೋಗಿ ಈ ಕೆಲಸ ಮುಗಿಸಿಕೊಟ್ಟು ಬರುತ್ತಿದ್ದ. ಕುರಿ ಮೇಯುವ ಗುಡ್ಡಕ್ಕೆ ಅರಣ್ಯ ಇಲಾಖೆಯ ಬೇಲಿ ಬಿದ್ದ ವರ್ಷ ಊರವರು ನಾವೆಲ್ಲ ಅವರ ಕಚೇರಿಯ ಮುಂದೆ ಮೈಕು ಹಿಡಿದು ಗಂಟಲು ಹರಿದುಕೊಂಡೆವು. ಯರ್ರೆಪ್ಪ ಬಾಯಿ ಬಿಡಲಿಲ್ಲ; ಇಡೀ ಹಿಂಡನ್ನು ಕಾಂಪೌಂಡಿಗೆ ನುಗ್ಗಿಸಿ ಗುಲಾಬಿ ಗಿಡ ಮೇಯಿಸಿದ. ಸಾಹೇಬರು ಹೊರಗೆ ಬಂದದ್ದು ನಮ್ಮ ಘೋಷಣೆಗಲ್ಲ, ಗುಲಾಬಿಗೆ.

ಅಂಥವನಿಗೆ ಈಗ ಎಂಬತ್ತು ಸಮೀಪಿಸಿದೆ. ಮೈ ಒಣಗಿದೆ, ನಡೆದರೆ ಮಂಡಿ ನಡುಗುತ್ತದೆ. ಅದರ ಮೇಲೆ ಉಚ್ಚೆಯ ರಗಳೆ. ಬೇಲಿ ಮರೆಗೆ ಹೋದವನು ನಿಂತೇ ಇರುತ್ತಾನೆ, ಬರುವುದು ನಾಲ್ಕು ಹನಿ. ಮಗಳು ಸೌಭಾಗ್ಯ ಕೂಡ್ಲಿಗಿಯಲ್ಲಿ ರೊಟ್ಟಿ ಬಡಿದು ಮಾರುವವಳು. ಅಪ್ಪನನ್ನು ತನ್ನ ಮನೆಯಲ್ಲಿಟ್ಟುಕೊಂಡು, ಕೈ ಹಿಡಿದು ಬಳ್ಳಾರಿಯ ಆಸ್ಪತ್ರೆಗೆ ಅಲೆದಳು.

ಸ್ಕ್ಯಾನಿಂಗ್ ಕೋಣೆಯ ಮುಂದೆ ನರ್ಸು, "ನೀರು ಕುಡುದು ತಡಕೊಂಡು ಕೂಡ್ರಿ ತಾತ" ಎಂದಳು.

"ತಡಿಯೋದು ನನ್ನ ಕೈಯಾಗಿದ್ರ ನಾ ಇಲ್ಲಿಗ್ಯಾಕ ಬರ್ತಿದ್ನವ್ವಾ?" ಎಂದ ಯರ್ರೆಪ್ಪ. ಬಾಗಿಲು ತೆರೆಯುವಷ್ಟರಲ್ಲಿ ಲುಂಗಿ ಒದ್ದೆ.

ರಕ್ತ ಪರೀಕ್ಷೆಯೂ ಆಯಿತು. ಉಚ್ಚೆಯ ಚೀಲದ ಕೆಳಗಿನ ಪ್ರಾಸ್ಟೇಟ್ ಗಡ್ಡೆ ಊದಿದೆ, ಕ್ಯಾನ್ಸರ್ ಇದ್ದರೂ ಇರಬಹುದು, ಸೂಜಿಯಿಂದ ಚೂರು ತೆಗೆದು ನೋಡದೆ ಹೇಳಲಾಗದು ಎಂದರು ಡಾಕ್ಟರ್ ಶ್ರುತಿ. ಬರುವ ದಿನ ಹೊಟ್ಟೆ ತೊಳೆಯುವ ಔಷಧಿ ಕೊಡುತ್ತೇವೆ, ಮಗ್ಗುಲಾಗಿ ಮಲಗಿಸಿ ಕಾಲು ಮಡಿಚಿ ಹಿಡಿಯುತ್ತೇವೆ, ಹೆದರಬೇಡಿ ಎಂದು ನರ್ಸು ಬಿಡಿಸಿ ಹೇಳಿದಳು. ಬಸ್ಸಿನಲ್ಲಿ ಯರ್ರೆಪ್ಪ ಸೂಜಿ ಹಾಕುವ ದಿನ ಯಾವುದೆಂದು ಎರಡು ಸಲ ಕೇಳಿದ. ಒಪ್ಪಿಕೊಂಡ ಎಂದುಕೊಂಡಳು ಸೌಭಾಗ್ಯ.

ಸೂಜಿಯ ದಿನ ಬೆಳಗ್ಗೆ ನೋಡಿದರೆ ಗಿರಾಕಿಗೆಂದು ಇಟ್ಟ ರೊಟ್ಟಿಯ ಬುಟ್ಟಿ ಬರಿದಾಗಿತ್ತು, ಬದನೆಕಾಯಿ ಪಲ್ಯದ ಪಾತ್ರೆಯೂ ಸ್ವಚ್ಛ. ಹಲ್ಲಿಲ್ಲದ ಬಾಯಲ್ಲಿ ಅಷ್ಟೂ ರೊಟ್ಟಿ ಹೇಗೆ ಹೋದವೋ! ಬೈಯುತ್ತಲೇ ಬಸ್ ಹತ್ತಿಸಿದಳು.

ಡಾಕ್ಟರು ಕೇಳುವ ಮೊದಲೇ ಯರ್ರೆಪ್ಪ ಹೊಟ್ಟೆ ಬಡಿದುಕೊಂಡು ಹೇಳಿದ: "ಗಂಟಲಮಟ ಉಂಡೀನಿ. ಇವತ್ತು ನೀವು ನನ್ನ ಮುಟ್ಟಂಗಿಲ್ಲ."

"ಉಂಡ್ರ ಏನಾತು ತಾತ? ಇದಕ್ಕ ಉಪವಾಸ ಬೇಕಿಲ್ಲ."

ಅವನ ಮುಖದ ಗೆಲುವು ಇಳಿದುಹೋಯಿತು. ಎದ್ದವನೇ ಗೋಡೆ ಹಿಡಿದುಕೊಂಡು ಗೇಟಿನ ಕಡೆ ಹೊರಟ. ಸೌಭಾಗ್ಯ ಓಡಿ ಅಡ್ಡ ನಿಂತಳು.

"ಎಲ್ಲಿಗೆ ಹೊಂಟಿ ಯಪ್ಪಾ? ಏನು ಬಂದೈತಿ ನಿನಗ?"

"ಹೊಟ್ಟಿ ಖಾಲಿ ಮಾಡ್ಸೋದು, ಮಗ್ಗಲಾಗಿ ಕೆಡವೋದು, ಕಾಲು ಮಡಿಚಿ ಹಿಡಿಯೋದು! ಯಾರಿಗೆ ಹೇಳ್ತಿ ಲೇ? ಎಷ್ಟು ಟಗರಿಗೆ ಮಾಡೀನಿ ಇದನ್ನ!"

ಆಗ ಅವಳಿಗೆ ರೊಟ್ಟಿಯ ಗುಟ್ಟು ತಿಳಿಯಿತು. ಬೀಜ ಒಡೆಯುವ ಮುನ್ನಾದಿನ ಟಗರಿಗೆ ಮೇವು ಹಾಕುವುದಿಲ್ಲ. ಮೇದ ಟಗರನ್ನು ಕೆಡವಿದರೆ ಉಸಿರು ಕಟ್ಟುತ್ತದೆಂದು ಯರ್ರೆಪ್ಪ ಎಷ್ಟೋ ಹಟ್ಟಿಯಿಂದ ಬರಿಗೈಲಿ ವಾಪಸು ಬಂದಿದ್ದ. ಆ ಕಾಯಿದೆ ಆಸ್ಪತ್ರೆಗೂ ಇದೆಯೆಂದು ನಂಬಿ ಉಂಡಿದ್ದ. ಸೌಭಾಗ್ಯ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

"ಯಪ್ಪಾ, ಈ ವಯಸ್ಸಿನಾಗ ಅದು ಇದ್ರೆಷ್ಟು, ಬಿಟ್ರೆಷ್ಟು?"

"ಕೆಲಸಕ್ಕ ಬರಂಗಿಲ್ಲಂತ ಮನಿಯಾಗಿನ ಹಳೇ ಕೊಡ ಒಡೀತಿಯೇನು? ಒಡೆದ ಟಗರು ನೋಡೀಯಿಲ್ಲ? ಮೈ ತುಂಬತೈತಿ, ಚೆಂದ ಕಾಣ್ತೈತಿ. ಆದ್ರ ಯಾರ ಕೈಯಾಗ ಸೊಪ್ಪು ಐತೋ ಅವರ ಹಿಂದ ಹೋಗ್ತೈತಿ. ಕಟುಗನ ಹಿಂದೂ ಹೋಗ್ತೈತಿ. ನಾ ಹಂಗಾಗಂಗಿಲ್ಲ."

ನಗು ನಿಂತಿತು. ಆಸ್ಪತ್ರೆಗೆ ಬರೋಣವೇ ಎಂದು ಅವಳು ಒಮ್ಮೆಯೂ ಅಪ್ಪನನ್ನು ಕೇಳಿರಲಿಲ್ಲ. ನಡಿ ಎಂದಿದ್ದಳು, ನಡೆಸಿದ್ದಳು.

"ಒಳಗ ನೀನೇ ಕೇಳು. ಬೀಜಕ್ಕ ಕೈ ಹಚ್ಚತೀವಿ ಅಂದ್ರ ಬಸ್ ಹತ್ತೋಣ. ನಾ ತಡಿಯಂಗಿಲ್ಲ."

ಯರ್ರೆಪ್ಪ ಡಾಕ್ಟರ ಬಾಗಿಲಿಗೆ ಮರಳಿ, ಸಾಲಿನಲ್ಲಿ ಕೂತ ಮುದುಕರಿಗೆಲ್ಲ ಕೇಳುವಂತೆ ಕೇಳಿದ: "ಡಾಕ್ಟ್ರವ್ವಾ, ಖರೆ ಹೇಳು. ನನ್ನ ಬೀಜ ಒಡೀತಿಯೇನು?"

ಆ ಮುದುಕರೂ ಕತ್ತು ಉದ್ದ ಮಾಡಿದರು. ಅವರ ಸಂಶಯವೂ ಅದೇ ಇದ್ದೀತು.

ಶ್ರುತಿ ನಗಲಿಲ್ಲ. "ಇವತ್ತು ಅದರ ತಂಟಿಗೇ ಹೋಗಂಗಿಲ್ಲ ತಾತ. ಹಿಂದ್ಲಿಂದ ಸೂಜಿ ಹಾಕಿ ಗಡ್ಡೆಯ ಚೂರು ತೆಗೀತೀವಿ. ಆದ್ರ ಸುಳ್ಳು ಹೇಳಂಗಿಲ್ಲ. ರೋಗ ಜೋರಿದ್ರ ಮುಂದೊಂದು ದಿನ ಅದನ್ನೂ ತೆಗೀಬೇಕು ಅಂದ್ರೂ ಅನ್ನಬಹುದು. ಬದಲಿಗೆ ಇಂಜೆಕ್ಷನ್ನೂ ಐತಿ. ಆಗ ಮತ್ತ ನಿಮ್ಮನ್ನ ಕೇಳ್ತೀವಿ. ನೀವು ಬ್ಯಾಡ ಅಂದ್ರ ಬ್ಯಾಡ."

ಸೌಭಾಗ್ಯ ಗೇಟಿನ ಕಡೆ ನೋಡಿದಳು. ಇಷ್ಟು ಖರೆ ಯಾರು ಕೇಳಿದ್ದರು ಈ ಡಾಕ್ಟರನ್ನು! ಇನ್ನು ಬಸ್ಸೇ ಗತಿ ಎಂದುಕೊಂಡಳು.

ಯರ್ರೆಪ್ಪ ಡಾಕ್ಟರ ಮುಖವನ್ನೇ ದಿಟ್ಟಿಸಿದ. "ಟಗರನ್ನ ನಾ ಎಂದೂ ಕೇಳಿದ್ದಿಲ್ಲವ್ವಾ" ಎಂದು, ಮಗಳ ಕೈ ಬಿಡಿಸಿಕೊಂಡು ತಾನೇ ಒಳಗೆ ಹೋದ.

ಒಳಗಿನಿಂದ ಅವನ ಗದರಿಕೆ ಕೇಳುತ್ತಿತ್ತು: "ಮಣಕಾಲು ಹಿಡಿಬ್ಯಾಡ್ರಿ, ತೊಡಿ ಹಿಡೀರಿ! ಹಿಂಗ ಹಿಡಿದ್ರ ಒದೀತೈತಿ!"

ಚೂರುಗಳಲ್ಲಿ ರೋಗ ಸಿಕ್ಕಿತು. ಆದರೆ ನಿಧಾನದ್ದು, ಕೊಯ್ಯುವುದು ಬೇಡ, ಆಗಾಗ ರಕ್ತ ನೋಡಿದರೆ ಸಾಕು, ಉಚ್ಚೆಗೆ ಮಾತ್ರೆ ನುಂಗಲಿ ಎಂದರು. ಸೌಭಾಗ್ಯ ಅತ್ತಳು. ಯರ್ರೆಪ್ಪ ಅವಳಿಗೆ ಚಹಾ ಕುಡಿಸಿದ.

ಈಗ ಆ ಮನೆಯಲ್ಲಿ ಎಲ್ಲಕ್ಕೂ ಕೇಳಿಯೇ ಮುಂದುವರಿಯುವುದು. ನೀರು ಕಾಸಲೇನು? ಬ್ಯಾಡ. ಊಟಕ್ಕೆ ಏಳ್ತಿಯೇನು? ಇಲ್ಲ. ಬ್ಯಾಡ ಎನ್ನುವ ರುಚಿ ಮುದುಕನಿಗೆ ಬೆಲ್ಲದ ಹಾಗೆ ಹತ್ತಿದೆ. ಮಾತ್ರೆ ನುಂಗ್ತಿಯೇನು ಎಂದರೂ "ನುಂಗಂಗಿಲ್ಲ ಹೋಗ್" ಎನ್ನುತ್ತಾನೆ. ಸೌಭಾಗ್ಯ ಮಾತ್ರೆಯನ್ನು ನೀರಿನ ಚೊಂಬಿನ ಪಕ್ಕ ಇಟ್ಟು, ಬೆನ್ನು ಮಾಡಿ, ರೊಟ್ಟಿ ಬಡಿಯುತ್ತ ಕೂರುತ್ತಾಳೆ. ಚೊಂಬು ಎತ್ತಿದ ಸದ್ದು ಕೇಳಿದರೂ ತಿರುಗಿ ನೋಡುವುದಿಲ್ಲ.