ಚಿಕ್ಕಬೈರಪ್ಪಣ್ಣನ ಕಾಲು ಮತ್ತು ಮೇಟಿ ಗುಂಡಿ

ಬರೆದುಕೋ ಮಗಳೇ, ನಿಧಾನವಾಗಿ ಹೇಳುತ್ತೇನೆ. ನಮ್ಮಣ್ಣ ಚಿಕ್ಕಬೈರಪ್ಪನನ್ನು ಚಿಕ್ಕಲಸಂದ್ರದಲ್ಲಿ ಎಲ್ಲರೂ ಕುಂಟಬೈರ ಅನ್ನುತ್ತಿದ್ದರು. ಹುಟ್ಟು ಕುಂಟನೇನಲ್ಲ ಅವನು. ಕುಂಟನನ್ನಾಗಿ ಮಾಡಿದವರೂ ಊರವರೇ, ಆ ಹೆಸರಿಟ್ಟವರೂ ಊರವರೇ. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಗೆಲ್ಲ ರಾಗಿ ಒಕ್ಕಣೆ ಮುಗಿದ ಮೇಲೆ, ಶಿವರಾತ್ರಿಯ ಹೊತ್ತಿಗೆ, ಕಣದಲ್ಲೇ ಕಬಡ್ಡಿ. ಬೇರೆ ಮೈದಾನ ಎಲ್ಲಿತ್ತು? ಊರ ಯಜಮಾನ ಗಂಗಾಧರಯ್ಯನವರ ಕಣ ಎಲ್ಲಕ್ಕಿಂತ ದೊಡ್ಡದು. ಕಣದ ನಡುವೆ ಎತ್ತು ಕಟ್ಟಿ ತುಳಿಸಲು ಮೇಟಿ ಕಂಬ ನೆಟ್ಟಿರುತ್ತಾರಲ್ಲ, ಕೆಲಸ ಮುಗಿದ ಮೇಲೆ ಅದನ್ನು ಕಿತ್ತು ಒಳಗಿಡುತ್ತಿದ್ದರು. ಆ ಗುಂಡಿಗೆ ಮಾತ್ರ ಮಣ್ಣು ಹಾಕುವ ಹಾಗಿಲ್ಲ. ಹಾಕಿದರೆ ಮುಂದಿನ ವರ್ಷದ ರಾಶಿಗೇ ಮಣ್ಣು ಹಾಕಿದಂತೆ ಎಂಬ ನಂಬಿಕೆ. ಅದಕ್ಕೇ ಹುಲ್ಲು ತುರುಕಿ, ಮೇಲೆ ಸಗಣಿ ಸಾರಿಸಿಬಿಡುತ್ತಿದ್ದರು. ನೋಡಿದರೆ ನೆಲ ಸಮ, ಕಾಲಿಟ್ಟರೆ ಮೀನಖಂಡದವರೆಗೆ ಒಳಗೆ. ಗುಂಡಿ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಉಸಿರು ಕಟ್ಟಿ ಹಿಂದಕ್ಕೆ ಓಡುವವನಿಗೆ ನೆಲ ಕಾಣುತ್ತದೆಯೇ?

ಐವತ್ತೆರಡನೇ ಇಸವಿಯಲ್ಲಿ ನಮ್ಮಣ್ಣನ ಕಾಲು ಅದರೊಳಗೆ ಹೋಯಿತು. ಪಾದ ಒಂದು ಕಡೆ, ಅವನು ಒಂದು ಕಡೆ. ಕಾಲ ಗಂಟು ಬದನೆಕಾಯಿಯ ಹಾಗೆ ಊದಿತು. ಆಗ ಈ ಗಂಗಾಧರಯ್ಯ ಏನೆಂದರು ಗೊತ್ತೇ?

‘ಏಳ್ಲಾ ಗಂಡ್ಸೇ, ನಾಲ್ಕ್ ಹೆಜ್ಜೆ ನಡುದ್ರೆ ಸರಿಹೋಯ್ತದೆ!’

ಇವನೂ ಎದ್ದ, ಪೂರ್ತಿ ಆಟ ಆಡಿದ. ಅಲ್ಲಿಗೆ ಮುಗಿಯಿತು. ಆಮೇಲೆ ಆ ಕಾಲು ನೇಗಿಲ ಸಾಲಿನಲ್ಲಿ ನಿಲ್ಲಲೇ ಇಲ್ಲ.

ಉಳುಮೆ ಬಿಟ್ಟು ಜಯನಗರಕ್ಕೆ ಗಾಡಿಯಲ್ಲಿ ಅವರೆಕಾಯಿ ಮಾರಲು ಹೊರಟ. ಅಲ್ಲಿ ಆಗಿನ್ನೂ ಅಲ್ಲೊಂದು ಇಲ್ಲೊಂದು ಮನೆ. ಅನಂತರಾಮು ಅಂತ ಒಬ್ಬ ಡ್ರಿಲ್ ಮೇಷ್ಟ್ರು ದಿನಾ ಕೊಳ್ಳುತ್ತಿದ್ದರು. ಅವರ ಮನೆಯವರು ಹಿದಕಿದ ಬೇಳೆ ಸಾರು ಮಾಡಿದರೆ ಬೀದಿಯೆಲ್ಲ ಘಮ್ಮೆನ್ನುತ್ತಿತ್ತಂತೆ, ಅದು ಬಿಡು. ಆ ಮೇಷ್ಟ್ರು ಹುಡುಗರನ್ನು ಆಟಕ್ಕೆ ಬಿಡುವ ಮುಂಚೆ ಮೈದಾನದ ಸುತ್ತ ಓಡಿಸುವುದು, ತುದಿಗಾಲಲ್ಲಿ ಎಬ್ಬಿಸಿ ಇಳಿಸುವುದು, ಕಾಲ ಗಂಟಿಗೆ ಬಟ್ಟೆಯ ಪಟ್ಟಿ ಸುತ್ತುವುದು, ಇದನ್ನೆಲ್ಲ ಅಣ್ಣ ಗಾಡಿಗೆ ಒರಗಿ ನೋಡಿದ. ನೋಡಿ ಅತ್ತನಂತೆ. ಇಷ್ಟು ಸಣ್ಣ ಕೆಲಸಕ್ಕೆ ನನ್ನ ಕಾಲು ಹೋಯಿತಲ್ಲ ಅಂತ.

ಊರಿಗೆ ಬಂದು ತಾನೇ ಶುರುಮಾಡಿದ. ನನ್ನ ಹಳೇ ಸೀರೆಯನ್ನು ಹರಿದು ಪಟ್ಟಿ ಮಾಡಿದ, ನನ್ನನ್ನು ಕೇಳಲೂ ಇಲ್ಲ ಪುಣ್ಯಾತ್ಮ! ಕಾಲು ಉಳುಕಿಸಿಕೊಂಡವನು ಅದೇ ಕಾಲಲ್ಲಿ ಹತ್ತು ಸಲ ನೋವಿಲ್ಲದೆ ಕುಪ್ಪಳಿಸಿ ತೋರಿಸುವವರೆಗೆ ಅವನಿಗೆ ಆಟವಿಲ್ಲ ಅಂದ. ಹುಡುಗರು ನಕ್ಕರು.

‘ಬಳೆನೂ ತೊಡ್ಸ್‌ಬುಡಣ್ಣೋ!’

‘ತೊಡ್ಸ್ತೀನಿ ಕಣ್ಲಾ, ಮೊದ್ಲು ಕಾಲ್ ಕೊಡು ಇಲ್ಲಿ.’

ನಗುತ್ತಲೇ ಕಟ್ಟಿಸಿಕೊಳ್ಳುತ್ತಿದ್ದರು. ಗುಂಡಿಯ ವಿಷಯಕ್ಕೆ ಮಾತ್ರ ಗಂಗಾಧರಯ್ಯ ಜಗ್ಗಲಿಲ್ಲ.

ಅರವತ್ತೊಂದರಲ್ಲಿ ವಸಂತಪುರದವರ ಮೇಲೆ ಪಂದ್ಯ. ನಮ್ಮ ಕೊನೆಯ ತಮ್ಮ ಸೀನುಗೆ ಹದಿನೆಂಟು. ಮನೆಯಲ್ಲಿ ಉಳಿದಿದ್ದ ಉಳುವ ಗಂಡಾಳು ಅವನೊಬ್ಬನೇ. ಅವನೂ ಹೆಸರು ಕೊಟ್ಟಿದ್ದ. ಅಣ್ಣ ಯಜಮಾನರ ಜಗಲಿಗೆ ಮೂರು ಸಲ ಹೋಗಿ ಬೇಡಿಕೊಂಡ, ‘ಒಂದ್ ಮಂಕ್ರಿ ಮಣ್ಣು ಹಾಕಿ ದಮ್ಮಸ್ ಮಾಡ್ತೀನಿ ಯಜಮಾನ್ರೇ, ಸುಗ್ಗಿಗೆ ನಾನೇ ತೋಡ್ಕೊಡ್ತೀನಿ’ ಅಂತ.

‘ನಿನ್ ಕಾಲ್ ಹೋದ್ದು ನಿನ್ ಹಣೇಬರ. ನನ್ ರಾಶಿಗ್ಯಾಕೋ ಕೈ ಹಾಕ್ತೀಯ?’

ಹಣೆಬರಹವಂತೆ! ಹುಲ್ಲು ತುರುಕಿದ್ದು ಇವರ ಆಳು, ಸಾರಿಸಿದ್ದು ಇವರ ಮನೆಯ ಹೆಂಗಸರು, ಬರಹ ಮಾತ್ರ ನಮ್ಮಣ್ಣನ ಹಣೆಯದು!

ಪಂದ್ಯದ ದಿನ ಎರಡೂ ಊರಿನವರು ನೆರೆದಿದ್ದರು. ಅಣ್ಣ ಕುಂಟುತ್ತಾ ಕಣದ ನಡುವೆ ಹೋದ. ಕೈಯಿಂದ ಸಗಣಿ ಒಡೆದು, ಹುಲ್ಲು ಕಿತ್ತೆಸೆದು, ಆ ಸೊಟ್ಟ ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ಕೂತುಬಿಟ್ಟ.

‘ಎದ್ದೇಳೋ ಬೈರ!’ ಗಂಗಾಧರಯ್ಯ ಕೂಗಿದರು.

‘ಗುಂಡಿಗೆ ಮಣ್ಣ್ ಹಾಕಂಗಿಲ್ಲ ಅಂದ್ರಲ್ಲ, ಹಾಕಿಲ್ಲ. ಕಾಲ್ ಹಾಕಿವ್ನಿ. ಎಂಗೂ ಒಂದ್ಸಲ ಇದು ತಿಂದ್ ಬುಟ್ಟಿರೋ ಕಾಲೇ. ನನ್ ತಮ್ಮಂದು ಕೊಡಾಕಿಲ್ಲ.’

‘ಎಳೆದಾಕ್ರೋ ಅವನ್ನ!’

ಯಾರೂ ಮುಂದೆ ಬರಲಿಲ್ಲ. ಸೀನು ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ವಸಂತಪುರದ ತಂಡದ ರಾಮಯ್ಯನೇ ಬಂದು ಗುಂಡಿಯೊಳಗೆ ಬಗ್ಗಿ ನೋಡಿದ.

‘ಅಯ್ಯಯ್ಯೋ, ಇದ್ರಾಗೆ ನಮ್ ಹುಡುಗ್ರನ್ನ ಓಡಿಸ್ತಿದ್ರಾ ಯಜಮಾನ್ರೇ? ನಾವು ಈ ಕಣದಾಗೆ ಆಡಾಕಿಲ್ಲ.’

ಆಟವನ್ನು ನಮ್ಮ ಹೊಲಕ್ಕೆ ಸಾಗಿಸಿದರು. ಅಣ್ಣ ಅಲ್ಲಿ ಮೊದಲೇ ಕುಂಟೆ ಹೊಡೆಸಿ, ಕಲ್ಲು ಆರಿಸಿ, ನೀರು ಚಿಮುಕಿಸಿ ಇಟ್ಟಿದ್ದ. ಸೀನು ಎಷ್ಟು ಸಲ ಬಿದ್ದ, ಎಷ್ಟು ಸಲ ಎದ್ದ! ನಾನು ಅವನ ಮುಖ ನೋಡಲೇ ಇಲ್ಲ, ಪಾದವನ್ನೇ ನೋಡುತ್ತಿದ್ದೆ.

ನಮ್ಮೂರು ಎರಡು ಅಂಕದಿಂದ ಸೋತಿತು. ಕಣ ಬಿಡಿಸಿ ಸೋಲಿಸಿದವನು ಕುಂಟಬೈರ ಎಂದು ಗಂಗಾಧರಯ್ಯ ಊರೆಲ್ಲ ಹೇಳಿಕೊಂಡು ಬಂದರು. ಹದಿನಾಲ್ಕು ಜನ ಹುಡುಗರು ತಮ್ಮ ತಮ್ಮ ಕಾಲ ಮೇಲೆ ನಡೆದು ಮನೆ ಸೇರಿದರಲ್ಲ, ಅದು ಯಾರಿಂದ ಎಂದು ಒಬ್ಬನ ಬಾಯಲ್ಲೂ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಬಾವಿಯ ಹತ್ತಿರ ಗಂಗಾಧರಯ್ಯನವರ ಹೆಂಡತಿಯನ್ನು ಎಲ್ಲರೆದುರಿಗೇ ಕೇಳಿದೆ: ‘ಗೌರಮ್ಮಕ್ಕಾ, ನಿನ್ನೆ ಯಾರ ಮನೇಲಾದ್ರೂ ಕಾಲ್ ಮುರೀತು ಅಂತ ಅಳು ಕೇಳುಸ್ತಾ?’

ಆಕೆ ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ಹೊರಟುಹೋದಳು.