ಐರ್ಲೆಂಡಿನವರ ಗ್ರ್ಯಾಂಡ್

ಮಲೇಷ್ಯಾದ ಸೈಬರ್‌ಜಯಾದಲ್ಲಿ, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಚಹಾದಂಗಡಿಯೊಂದರಲ್ಲಿ ಐರ್ಲೆಂಡಿನ ತಂತ್ರಜ್ಞಾನ ಉದ್ಯಮಿಗಳ ತಂಡವೊಂದು ಮುಂದಿನ ಪ್ರವಾಸ ಎಲ್ಲಿಗೆಂದು ಚರ್ಚಿಸುತ್ತಿತ್ತು. ಬೆಂಗಳೂರಿಗೆ ಬಂದು ನನ್ನ ಪುಟ್ಟ ಕಂಪನಿಯನ್ನೂ ನೋಡಿಹೋಗಲಿ ಎಂಬ ಆಸೆಯಿಂದ, ಬೆವರುತ್ತಲೇ ನಮ್ಮ ಸಾಫ್ಟ್‌ವೇರ್ ತೋರಿಸಿದೆ. ತಂಡದ ಹಿರಿಯ ಬ್ರೆಂಡನ್ “ಗ್ರ್ಯಾಂಡ್!” ಎಂದ. “ನಮ್ಮದು ಗ್ರ್ಯಾಂಡ್ ಅಂತೆ” ಎಂದು ಹೆಂಡತಿಗೆ ಮೆಸೇಜ್ ಹಾಕಿದೆ. ಮರುಕ್ಷಣವೇ, ಇಷ್ಟು ಜನ ಬಂದರೆ ಆಫೀಸಿನಲ್ಲಿ ಕುರ್ಚಿ ಸಾಲದಲ್ಲ ಎಂಬ ಚಿಂತೆ ಹಿಡಿಯಿತು.

ನನಗೆ ಆ ತಂಡದ ಪರಿಚಯ ಮಾಡಿಸಿದ್ದ ಮಂಗಳೂರಿನ ಗೆಳತಿ ಲವೀನಾ, ಪಕ್ಕದಿಂದ ನನ್ನ ಮೆಸೇಜ್ ಇಣುಕಿ ನೋಡಿ ನಕ್ಕಳು. “ಎಂತ ಮಾರಾಯ್ರೆ, ಅವರ ಗ್ರ್ಯಾಂಡ್ ನಮ್ಮ ಮದುವೆಯ ಗ್ರ್ಯಾಂಡ್ ಅಲ್ಲ. ಅಡ್ಡಿಯಿಲ್ಲ ಅಂತ ಅಷ್ಟೇ. ಈ ಚಹಾಕ್ಕೂ ಅದನ್ನೇ ಹೇಳಿದ್ದು.”

ಕುರ್ಚಿಯ ಚಿಂತೆ ತಪ್ಪಿತು. ಅವರು ಬರುವರೆಂಬ ಆಸೆಯೂ ಹೋಯಿತು. ಬ್ರೆಂಡನ್‌ನ ಲೋಟ ನೋಡಿದೆ. ಅದು ಖಾಲಿಯಾಗಿತ್ತು, ಇನ್ನೊಂದು ಚಹಾಕ್ಕೆ ಅವನು ಆಗಲೇ ಕೈ ಎತ್ತಿದ್ದ. ನಾನು ಮತ್ತೆ ಕುರ್ಚಿಗಳ ಚಿಂತೆಗಿಳಿದೆ.